ಜೋರು ರಿಂಗಿನ ಆ್ಯಪಿಗೆ ಕದ ಹಾಕಿ, ತಾತ

ತಿಪಟೂರು, ಗಿರಣಿ ಬೀದಿ
ಇಸವಿ ೨೨೩೧, ನಡುದಿಂಗಳ ಮೂವತ್ತಮೂರನೇ ದಿನ

ಹಿಟ್ಟಿನ ಗಿರಣಿಯ ಗುರುಶಾಂತಪ್ಪ ತಾತನವರಿಗೆ, ನಿಮ್ಮ ಮಗಳು ಸಿಂಚನಾಳ ಕಡೆಯಿಂದ ಏಳನೇ ತಲೆಮಾರಿನವಳಾದ ಹೊನ್ನಾಜಿ ಬರೆದುಕೊಳ್ಳುವುದು.

ಮೇಲಿನ ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಈ ಹಾಳೆಯನ್ನು ಹರಿದು ಹಾಕಬೇಡಿ. ಜೂನ್ ಮತ್ತು ಜುಲೈ ನಡುವೆ ನಮಗೆ ಇನ್ನೊಂದು ತಿಂಗಳಿದೆ. ಸೆಕೆ ತಡೆಯಲಾಗದೆ ಹೋದಾಗ, ಆಳುವವರು ಉಳಿದ ತಿಂಗಳುಗಳಿಂದ ಮೂರು ಮೂರು ದಿನ ಕಿತ್ತು ಅದನ್ನು ಮಾಡಿದರು. ಆ ತಿಂಗಳು ಶಾಲೆ, ಕಚೇರಿ ಎಲ್ಲ ಮುಚ್ಚಿರುತ್ತವೆ. ಜನ ಹಾಸುಗಲ್ಲಿನ ಮೇಲೆ ಒದ್ದೆ ಬಟ್ಟೆ ಹೊದ್ದು ಬಿದ್ದಿರುತ್ತಾರೆ. ನಾನೂ ಹಾಗೆಯೇ ಬಿದ್ದುಕೊಂಡು ಬರೆಯುತ್ತಿದ್ದೇನೆ, ಅಕ್ಷರ ವಾರೆಯಾಗಿದ್ದರೆ ಕ್ಷಮಿಸಿ. ಪದಗಳಿಗೂ ಕ್ಷಮೆ ಇರಲಿ. ನಿಮಗೆ ಗೊತ್ತಿಲ್ಲದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕದಿಂದ ಕಲಿತಿಲ್ಲ, ನಿಮ್ಮ ಬಾಯಿಂದಲೇ ಕೇಳಿ ಕಲಿತೆ. ಅದು ಹೇಗೆ ಎನ್ನುವುದೇ ಈ ಓಲೆಯ ವಿಷಯ, ಮತ್ತು ಅದು ಹೇಸಿಗೆಯ ವಿಷಯ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಕೈಯಲ್ಲೇ ಬರೆಯಬೇಕು, ಒಬ್ಬ ಹಿರಿಯರಿಗೇ ಬರೆಯಬೇಕು, ಉತ್ತರ ಬರುವುದಿಲ್ಲ. ನಮ್ಮ ಬೀದಿಯವರೆಲ್ಲ ಅದನ್ನು ಮುತ್ತಾತ ಬಂಗಾರ ಎಲ್ಲಿ ಹೂತಿಟ್ಟಿದ್ದಾನೆಂದು ಕೇಳುವುದಕ್ಕೆ ಹಾಳು ಮಾಡಿಕೊಂಡಿದ್ದಾರೆ. ನಾನು ನನ್ನದನ್ನು ನಿಮ್ಮ ಮೊಬೈಲಿನೊಳಗಿನ ಒಂದು ಸ್ವಿಚ್ಚಿಗಾಗಿ ಖರ್ಚು ಮಾಡುತ್ತೇನೆ ಎಂದಾಗ ನನ್ನ ಗಂಡ, "ನಿನಗೇನು ತಲೆ ನೆಟ್ಟಗೈತಾ?" ಎಂದ. ನೆಟ್ಟಗೇ ಇದೆ. ನನ್ನ ಮಗಳು ತುಂಬೆಗೆ ಇನ್ನು ಹನ್ನೊಂದು ದಿನಕ್ಕೆ ಹದಿನಾರು ತುಂಬುತ್ತದೆ. ಅಷ್ಟರೊಳಗೆ ನೀವು ಆ ಸ್ವಿಚ್ಚು ಒತ್ತಿರಬೇಕು.

ಮೊದಲು ನಮ್ಮ ಮನೆ ಹೇಗಿದೆ ಎಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಸುಮ್ಮನಿರುವ ಸಾಮಾನು ಒಂದೂ ಇಲ್ಲ. ದಿಂಬು ನಮ್ಮ ಉಸಿರು ಕೇಳಿಸಿಕೊಳ್ಳುತ್ತದೆ. ಬಚ್ಚಲ ಹಂಡೆ ಯಾರು ಎಷ್ಟು ಹೊತ್ತು ಮಿಂದರೆಂದು ನೆನಪಿಡುತ್ತದೆ. ಚಪ್ಪಲಿಗೆ ನಾವು ಯಾರ ಮನೆಯ ಮುಂದೆ ನಿಂತೆವೆಂಬುದು ಗೊತ್ತು. ಕೇಳಿದ್ದು, ಕಂಡದ್ದು, ಮೂಸಿದ್ದು ಎಲ್ಲವನ್ನೂ ಇವು ಹೊರಗೆ ಒಯ್ದು ಸುರಿಯುತ್ತವೆ. ಹೀಗೆ ಒಂದು ಸಾಮಾನು ಹೊರಗಿನವರೊಂದಿಗೆ ಮಾತಾಡುವ ದಾರಿಗೆ ನಾವು ಕದ ಎನ್ನುತ್ತೇವೆ. ನೀವು ಮೊಬೈಲ್ ಡೇಟಾ ಎನ್ನುತ್ತಿದ್ದದ್ದು ಅದನ್ನೇ. ಪ್ರತಿ ಶನಿವಾರ ಬೆಳಿಗ್ಗೆ, ತಿಂಡಿಗೆ ಮೊದಲು, ಮನೆಯವರೆಲ್ಲ ಸುತ್ತ ಕೂತು ಒಂದೊಂದೇ ಸಾಮಾನನ್ನು ನಡುವೆ ಇಟ್ಟುಕೊಂಡು ಕೇಳುತ್ತೇವೆ: ಈ ವಾರ ಯಾರ ಹತ್ತಿರ ಮಾತಾಡಿದೆ, ಏನು ಹೇಳಿದೆ, ನಿನ್ನ ಕೆಲಸಕ್ಕೆ ಅದು ಬೇಕಿತ್ತಾ? ಈ ಪದ್ಧತಿಗೆ ಕದವಾರ ಎಂದು ಹೆಸರು. ಹಂಡೆಗೆ ನೀರು ಕಾಯಿಸಲು ಊರಾಚೆಯವರ ಜೊತೆ ಮಾತು ಯಾಕೆ ಬೇಕು? ಬೇಡ ಎಂದು ಕಂಡರೆ ಹಕ್ಕಿದ್ದವರು ಅದರ ಕದ ಹಾಕುತ್ತಾರೆ. ನಮಗೆ ಆ ಹಕ್ಕಿಲ್ಲ. ನಾವು ಬರೀ ಕೇಳುತ್ತೇವೆ, ಅದು ನಾಚಿಕೆಯಿಲ್ಲದೆ ಒಪ್ಪಿಸುತ್ತದೆ, ನಾವು ಉಪ್ಪಿಟ್ಟು ತಿಂದು ಏಳುತ್ತೇವೆ.

ಹಕ್ಕು ಯಾಕಿಲ್ಲ ಎಂದರೆ, ನಾನು ಹದಿನಾರನೇ ವಯಸ್ಸಿನಲ್ಲಿ ಹೂಂ ಎಂದೆ. ಹದಿನಾರು ತುಂಬಿದ ದಿನ ಪ್ರತಿಯೊಬ್ಬರನ್ನೂ ಮನೆಯ ಗೋಡೆ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಕದಗಳನ್ನೆಲ್ಲ ತೆರೆದಿಡಲು ಒಪ್ಪುತ್ತೀಯಾ? ಒಂದು ಸಲ ಹೂಂ ಎಂದರೆ ಸಾಯುವ ತನಕ ಹೂಂ. ಊಹೂಂ ಎಂದರೂ ಸಾಯುವ ತನಕ ಊಹೂಂ. ಬಲವಂತ ಮಾಡುವಂತಿಲ್ಲ, ಕಾನೂನಿದೆ. ಆದರೆ ಮನೆಯ ಹಿರಿಯರು ಬುದ್ಧಿ ಹೇಳಬಹುದು ಎಂದೂ ಅದೇ ಕಾನೂನಿನಲ್ಲಿದೆ. ಇಲ್ಲಿ ಬಂದಿತು ನೋಡಿ ಕೊಳಕು. ನಮ್ಮ ಕಾಲದಲ್ಲಿ ದನಿಮಾರರು ಎಂಬವರಿದ್ದಾರೆ, ಸತ್ತವರ ದನಿಯನ್ನು ಹದ ಮಾಡಿ ಗೋಡೆಗೆ ತುಂಬುವವರು. ಆ ಗೋಡೆಯ ದನಿಗೆ ಒಡನುಡಿ ಎನ್ನುತ್ತಾರೆ. ನಮ್ಮ ಮನೆಯ ಒಡನುಡಿ ನಿಮ್ಮ ದನಿ, ತಾತ.

ಹೌದು, ನಿಮ್ಮದೇ. ನೀವು ಸತ್ತು ನೂರಾರು ವರ್ಷವಾದ ಮೇಲೂ ನಿಮ್ಮ ಬಾಯಿಗೆ ಬಿಡುವಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ, "ಎದ್ದಾ ಮಗಾ? ಈ ಹಾಸಿಗೆ ಹಳೇದಾತು, ಬಿಸಾಕು, ಹೊಸದು ತರಿಸ್ತೀನಿ, ಹೂಂ ಅನ್ನು" ಎನ್ನುತ್ತೀರಿ. ನನಗೂ ಗಂಡನಿಗೂ ಮಾತಿಗೆ ಮಾತು ಬೆಳೆದರೆ, ಜಗಳದ ಬಿಸಿ ಆರುವ ಮೊದಲೇ ನಿದ್ದೆಗುಳಿಗೆ ತಗೋ ಎಂದು ಪುಸಲಾಯಿಸುತ್ತೀರಿ. ನನ್ನ ತಾಯಿ ತೀರಿಕೊಂಡ ಬೆಳಿಗ್ಗೆ, ಹೆಣವನ್ನು ಇನ್ನೂ ನಡುಮನೆಯಲ್ಲಿ ಕೂರಿಸಿದ್ದಾಗಲೇ, ಗೋಡೆ ನಿಮ್ಮ ದನಿಯಲ್ಲಿ "ಅಳಬ್ಯಾಡ ಮಗಾ, ನಾನಿದೀನಲ್ಲ" ಎಂದು ಹೇಳಿ, ಅದೇ ಉಸಿರಿನಲ್ಲಿ ಹಾರಗಳ ಬಗೆಗಳನ್ನು ಓದತೊಡಗಿತು. ಸುಗಂಧರಾಜದ್ದು ಬೇಕಾ, ಸೇವಂತಿಗೆಯದು ಬೇಕಾ ಎಂದು. ನಾನು ಎದ್ದುಹೋಗಿ ಗೋಡೆಗೆ ಥೂ ಎಂದು ಉಗಿದೆ. ನೆಂಟರೆಲ್ಲ ಹುಚ್ಚಿ ಎಂದುಕೊಂಡರು. ಉಗಿದದ್ದು ನಿಮ್ಮ ಮುಖಕ್ಕೇ ಎಂದು ಆವತ್ತು ನನಗೆ ಅನಿಸಿತು, ಈಗಲೂ ಪೂರ್ತಿ ತಪ್ಪು ಎನಿಸುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಚಿಕ್ಕಂದಿನಿಂದ ಅರ್ಥವಾಗಿರಲಿಲ್ಲ. ಬೇರೆಯವರ ಮನೆಯ ಒಡನುಡಿಗಳು ಮೆಲ್ಲಗೆ ಮಾತಾಡುತ್ತವೆ. ನಮ್ಮದು ಕೂಗುತ್ತದೆ. ಪ್ರೀತಿಯ ಮಾತನ್ನೂ ಕೂಗುತ್ತದೆ. ಎಷ್ಟು ತಗ್ಗಿಸಿದರೂ ಗಂಟಲಿನ ಆ ಬಿಗಿ ಹೋಗುವುದಿಲ್ಲ, ಮತ್ತು ಮಾತಿನ ಹಿಂದೆ ಎಲ್ಲೋ ಗಡಗಡ ಎಂದು ಸಣ್ಣಗೆ ಏನೋ ತಿರುಗುತ್ತಿರುತ್ತದೆ. ನಮ್ಮ ತಾತ ಸಿಡುಕನಿದ್ದಿರಬೇಕು ಎಂದು ಅಮ್ಮ ಹೇಳುತ್ತಿದ್ದಳು. ಅವಳು ಸತ್ತ ಮೇಲೆ ನಾನು ಹಟ ಹಿಡಿದು ನಾಲ್ಕು ವರ್ಷ ದನಿಕಚೇರಿಗೆ ಅಲೆದೆ. ಕೊನೆಗೆ ನಮ್ಮ ಮನೆಯ ಕಸುದನಿಯನ್ನು, ಅಂದರೆ ಹದ ಮಾಡುವುದಕ್ಕೆ ಮೊದಲು ಹಿಡಿದ ಹಸಿ ದನಿಯನ್ನು, ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಲು ಬಿಟ್ಟರು. ಕಿವಿಗೆ ಇಟ್ಟುಕೊಂಡ ತಕ್ಷಣ ನನಗೆ ಕೇಳಿದ್ದು ಗಿರಣಿ. ಬೆಲ್ಟು ತಿರುಗುವ ಸದ್ದು, ಕಲ್ಲು ಅರೆಯುವ ಸದ್ದು, ಅದರ ಮೇಲೆ ನೀವು. "ಯಾರ್ದಮ್ಮ ಇದು ರಾಗಿ? ಎರಡನೇ ಸಲ ಹಾಕ್ಬೇಕಾ, ಸಾಕಾ?" ಸಿಡುಕರಲ್ಲ ನೀವು. ಪಾಪ, ಆ ಗಲಾಟೆಯಲ್ಲಿ ಕೇಳಿಸಲಿ ಎಂದು ಕೂಗುತ್ತಿದ್ದಿರಿ, ಅಷ್ಟೇ.

ಆ ಮಧ್ಯಾಹ್ನ ಕೇಳಿದ್ದರಲ್ಲಿ ಬಹುಪಾಲು ನಿಮಗೆ ಇನ್ನೂ ನಡೆಯದ ಸಂಗತಿ. ಆದ್ದರಿಂದ ಸಾವಧಾನವಾಗಿ ಓದಿ. ಈ ಓಲೆ ನಿಮಗೆ ಮುಟ್ಟುವ ಹೊತ್ತಿಗೆ ನಿಮ್ಮ ಫೋನಿಗೆ ಆ ಆ್ಯಪ್ ಬಂದು ನಾಲ್ಕು ದಿನವಾಗಿರುತ್ತದೆ. ಅದಕ್ಕಿಂತ ಹಿಂದಕ್ಕೆ ಕಳಿಸಲು ಸಾಧ್ಯವಾಗಲಿಲ್ಲ, ಆದರೆ ನಾಲ್ಕು ದಿನದ ದನಿ ಹದ ಮಾಡಲು ಸಾಲದು. ಅದು ರಿಂಗನ್ನು ಜೋರು ಮಾಡುವ ಆ್ಯಪ್. ಗಿರಣಿ ಓಡುವಾಗ ಹೆಂಡತಿಯ ಕರೆ ಕೇಳಿಸುವುದಿಲ್ಲ, ಮನೆಗೆ ಹೋದರೆ ಊಟಕ್ಕೆ ಬದಲು ಬೈಗುಳ ಎಂದು ನೀವು ಹಾಕಿಕೊಂಡಿರಿ. ಒಳ್ಳೆಯ ಕಾರಣವೇ. ಅದು ಮೈಕ್ ಬಳಸಲೇ ಎಂದು ಕೇಳಿತು, ಡೇಟಾ ಬಳಸಲೇ ಎಂದು ಕೇಳಿತು, ಯಾವಾಗಲೂ ಬಳಸಲೇ ಎಂದೂ ಕೇಳಿತು. ನಿಮ್ಮ ಕೈತುಂಬ ಹಿಟ್ಟಿತ್ತು, ಎದುರಿಗೆ ಡಬ್ಬ ಹಿಡಿದು ಜನ ನಿಂತಿದ್ದರು. ನೀವು ಬೆರಳಿನ ಗೆಣ್ಣಿನಿಂದ ಮೂರಕ್ಕೂ ಒತ್ತಿದಿರಿ, ಆಮೇಲೆ ನೀವೇ ಗಿರಾಕಿಗಳಿಗೆ ಹೇಳಿಕೊಂಡದ್ದು ಕಸುದನಿಯಲ್ಲಿದೆ. ನಾನು ಹದಿನಾರಕ್ಕೆ ಹೂಂ ಎಂದದ್ದು, ನನ್ನ ತಾಯಿ ಹೂಂ ಎಂದದ್ದು, ಎಲ್ಲಕ್ಕೂ ಮೊದಲಿನ ಹೂಂ ಅದು.

ಅಲ್ಲ ತಾತ, ರಿಂಗು ಜೋರು ಮಾಡಲು ಅದಕ್ಕೆ ಡೇಟಾ ಯಾಕೆ? ಫೋನು ನಿಮ್ಮ ಕೈಯಲ್ಲಿದೆ, ರಿಂಗು ನಿಮ್ಮ ಫೋನಿನಲ್ಲಿದೆ, ಕೇಳಬೇಕಾದವರು ನೀವು. ಇದರಲ್ಲಿ ಹೊರಗಿನವನಿಗೆ ಏನು ಕೆಲಸ? ಈ ಒಂದು ಪ್ರಶ್ನೆ ನಿಮಗೆ ಒಂದು ಸಲವಾದರೂ ಹೊಳೆಯಲಿಲ್ಲವೇ? ಗಿರಣಿಗೆ ರಾಗಿ ತಂದ ಹೆಂಗಸು ಹಿಟ್ಟಿನ ಜೊತೆ ನಿಮ್ಮ ಮನೆಯ ಬೀಗದ ಕೈಯನ್ನೂ ಕೇಳಿದ್ದರೆ ಕೊಡುತ್ತಿದ್ದಿರಾ? ಆ ಆ್ಯಪಿಗೆ ಕೊಟ್ಟಿರಿ. ಅದು ಹಗಲೆಲ್ಲ ನಿಮ್ಮ ಮಾತು ನುಂಗುತ್ತಿತ್ತು, ಡೇಟಾ ಸಿಕ್ಕಾಗ ಹೊರಗೆ ಕಕ್ಕುತ್ತಿತ್ತು.

ನೀವು ಜಾಣರು ಎಂದು ನಿಮಗೆ ನಂಬಿಕೆ. ಡೇಟಾ ಉಳಿಸುವ ನಿಮ್ಮ ಸಾಹಸವನ್ನೆಲ್ಲ ನಾನು ಕೇಳಿದ್ದೇನೆ. ದಿನಕ್ಕೆ ಹತ್ತು ಸಲ ಪರದೆಯನ್ನು ಮೇಲಕ್ಕೆ ತೀಡಿ ತೀಡಿ ಆ್ಯಪ್‌ಗಳನ್ನು ಹಾರಿಸಿ, "ಎಲ್ಲಾ ಬಂದ್ ಮಾಡ್ದೆ ನೋಡು" ಎಂದು ಹೇಳಿಕೊಳ್ಳುತ್ತೀರಿ. ತೀಡಿದರೆ ಅದು ಕಣ್ಣಿಂದ ಮರೆಯಾಗುತ್ತದೆಯೇ ಹೊರತು ಅದರ ಕದ ಮುಚ್ಚುವುದಿಲ್ಲ. ಆಮೇಲೆ ಮಧ್ಯಾಹ್ನ ಡೇಟಾವನ್ನೇ ಪೂರ್ತಿ ಆರಿಸಿಬಿಡುತ್ತೀರಿ. ಸರಿ, ಆಗ ಅದು ಕಾದು ಕೂರುತ್ತದೆ. ಹೆಂಡತಿ ವಾಟ್ಸಾಪಿನಲ್ಲಿ ಏನೋ ಕಳಿಸಿದಳೆಂದು ಮತ್ತೆ ಹಾಕುತ್ತೀರಲ್ಲ, ಆಗ ಒಟ್ಟಿಗೆ ಸುರಿಯುತ್ತದೆ. ಮನೆಯ ಎಲ್ಲ ಕಿಟಕಿ ಒಮ್ಮೆಗೇ ಮುಚ್ಚಿ ಒಮ್ಮೆಗೇ ತೆರೆಯುವವನಿಗೆ ಯಾವ ಕಿಟಕಿಯಿಂದ ಬೆಕ್ಕು ಬರುತ್ತಿದೆ ಎಂದು ಹೇಗೆ ತಿಳಿಯಬೇಕು?

ಇನ್ನು ನಿಮ್ಮ ಮೇಲೆ ನನಗಿರುವ ನಿಜವಾದ ಸಿಟ್ಟಿಗೆ ಬರುತ್ತೇನೆ. ಸಿಂಚನಾ ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಿಡಿದು ಜೀವಶಾಸ್ತ್ರದ ಪಾಠ ನೋಡುತ್ತಾಳೆ. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯತೊಡಗಿದಾಗ ನೀವು ಗಿರಾಕಿಗಳ ಎದುರಿಗೇ ಅವಳನ್ನು ಹಿಡಿದು ಕೇಳುತ್ತೀರಿ. ಅವಳು, "ಅಪ್ಪಾಜಿ, ನಾನು ಪಾಠ ಒಂದೇ ಕಣಪ್ಪ ನೋಡಿದ್ದು. ನಿನ್ ಫೋನೇ ತಿಂತೈತೆ, ಒಂದ್ಸಲ ಒಳಗೆ ಹೋಗಿ ನೋಡು" ಎನ್ನುತ್ತಾಳೆ. ನೀವು, "ಬಾಯ್ಮುಚ್ಚು. ಫೋನಿಗೇನು ಹೊಟ್ಟೆ ಐತಾ ತಿನ್ನಕೆ?" ಎನ್ನುತ್ತೀರಿ. ಡಬ್ಬ ಹಿಡಿದು ನಿಂತ ಹೆಂಗಸರು ನಗುತ್ತಾರೆ. ಆಮೇಲೆ ಕಸುದನಿಯಲ್ಲಿ ಪಾಠದ ಸದ್ದು ಮತ್ತೆ ಎಲ್ಲೂ ಇಲ್ಲ. ನಾನು ಹುಡುಕಿದೆ. ಅವಳು ನೋಡುವುದನ್ನೇ ಬಿಟ್ಟಳು. ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ತಾತ. ತಿಂದದ್ದು ಫೋನು, ಬೈಸಿಕೊಂಡದ್ದು ಮಗಳು. ಆ ಜಾಗ ಕೇಳುವಾಗ ಕಚೇರಿಯ ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತೆ. ಎಂಜಲು ತಟ್ಟೆಯಲ್ಲಿ ಕೈಯಿಟ್ಟ ಹಾಗಾಯಿತು.

ನಿಮ್ಮ ಪಕ್ಕದ ಅಂಗಡಿಯ ಟೈಲರ್ ಜಯಶೀಲಾ ಇದನ್ನೆಲ್ಲ ನೋಡುತ್ತಾಳೆ. ಅವಳ ದನಿ ನಿಮ್ಮ ಕಸುದನಿಯಲ್ಲಿ ಒಂದೇ ಕಡೆ ಬರುತ್ತದೆ, ಅದೂ ದೂರದಿಂದ: "ಏನ್ ಗುರುಶಾಂತಣ್ಣ, ಮಿಲ್ಲಿಗೆ ಎರಡೆರಡು ಬೀಗ ಹಾಕ್ತೀರ, ಫೋನಿಗೆ ಹಾಕಕ್ಕಾಗಲ್ವಾ? ಕೊಡಿ ಇಲ್ಲಿ, ಒಂದು ಗುಂಡಿ ಹೊಲಿಯೋವಷ್ಟ್ರಲ್ಲಿ ಮಾಡ್ಕೊಡ್ತೀನಿ." ಅದಕ್ಕೆ ನೀವು ಜೋರಾಗಿ ನಕ್ಕು, "ಹೋಗಮ್ಮ, ನನ್ ಫೋನ್ನಾಗೆ ಕದಿಯಕೆ ಏನೈತೆ? ರಾಗಿ ಹಿಟ್ಟಾ?" ಎನ್ನುತ್ತೀರಿ. ಆ ನಗುವನ್ನು ದನಿಮಾರರು ಇಟ್ಟುಕೊಂಡಿದ್ದಾರೆ. ನಾನು ಏನಾದರೂ ಬೇಡ ಎಂದಾಗಲೆಲ್ಲ ಗೋಡೆ ಅದೇ ನಗು ನಗುತ್ತದೆ.

ಆ ಜಯಶೀಲಾಳ ವಂಶದ ಈರಬಸಮ್ಮ ಈಗಲೂ ನಮ್ಮ ಪಕ್ಕದ ಮನೆಯವಳು. ಅವರ ಗೋಡೆಗೆ ತುಂಬಲು ದನಿಮಾರರಿಗೆ ಯಾವ ಹಿರಿಯರ ದನಿಯೂ ಸಿಗಲಿಲ್ಲ. ಜಯಶೀಲಾ ಪ್ರತಿ ಆ್ಯಪನ್ನೂ ತೆರೆದು, ನಿನಗೆ ಡೇಟಾ ಯಾತಕ್ಕೆ ಎಂದು ತನ್ನಷ್ಟಕ್ಕೆ ಕೇಳಿಕೊಂಡು, ಬೇಡವಾದ್ದನ್ನು ಆರಿಸಿಟ್ಟಿದ್ದಳಂತೆ. ಶನಿವಾರದ ನಮ್ಮ ಪದ್ಧತಿ ಶುರುವಾದದ್ದೂ ಆ ಮನೆಯಿಂದಲೇ. ಅವರ ಮಕ್ಕಳಿಗೆ ಹದಿನಾರು ತುಂಬಿದಾಗ ಗೋಡೆ ಒಣ ಯಂತ್ರದ ದನಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೂಗುವ ಹಾಗೆ ಪ್ರಶ್ನೆ ಓದಿತು. ಮಕ್ಕಳು ಮೂವರೂ ತಮ್ಮ ತಮ್ಮ ಸರದಿ ಬಂದಾಗ ಬಿದ್ದು ಬಿದ್ದು ನಕ್ಕು ಊಹೂಂ ಎಂದರು. ಯಂತ್ರಕ್ಕೆ ಊಹೂಂ ಎನ್ನುವುದು ಸುಲಭ. ತಾತನಿಗೆ ಹೇಗೆ ಅನ್ನುವುದು? "ಹೂಂ ಅನ್ನು ಮಗಾ" ಎಂದು ನೀವು ಕೂಗಿ ಕರೆದರೆ ನನ್ನಿಂದ ಆಗಲಿಲ್ಲ, ನನ್ನ ತಾಯಿಯಿಂದ ಆಗಲಿಲ್ಲ. ತುಂಬೆ ನನಗಿಂತ ಮೆದು ಹುಡುಗಿ. ಈಗಾಗಲೇ ಗೋಡೆ ಅವಳನ್ನು ಹತ್ತಿರ ಕೂರಿಸಿಕೊಂಡು ಮಾತಾಡತೊಡಗಿದೆ. ಮೊನ್ನೆ ಅವಳು ನನಗೆ, "ತಾತ ಪಾಪ ಕಣಮ್ಮ, ಯಾಕೆ ಅವರಿಗೆ ಬೈತೀಯ?" ಎಂದಳು. ಅದೇ ರಾತ್ರಿ ನಾನು ಈ ಓಲೆಗೆ ಹಾಳೆ ತೆಗೆದಿಟ್ಟೆ.

ಆದ್ದರಿಂದ ಕೈ ತೊಳೆದುಕೊಂಡು, ಒರೆಸಿಕೊಂಡು, ಹೀಗೆ ಮಾಡಿ. ಸೆಟ್ಟಿಂಗ್ಸ್ ತೆರೆಯಿರಿ. ಡೇಟಾ ಬಳಕೆ ಎಂಬ ಜಾಗಕ್ಕೆ ಹೋಗಿ. ಯಾರು ಎಷ್ಟು ತಿಂದಿದ್ದಾರೆಂದು ಅಲ್ಲಿ ಸಾಲಾಗಿ ಬರೆದಿರುತ್ತದೆ, ನಾಲ್ಕೇ ದಿನದಲ್ಲಿ ಆ ಜೋರು ರಿಂಗಿನದು ಮೇಲಕ್ಕೆ ಹತ್ತಿರುತ್ತದೆ. ಅದನ್ನು ಮುಟ್ಟಿ. ಹಿನ್ನೆಲೆ ಡೇಟಾ ಎಂದಿರುತ್ತದೆ, ಆರಿಸಿ. ಮೊಬೈಲ್ ಡೇಟಾ ಎಂದು ಬೇರೆಯೇ ಇದ್ದರೆ ಅದನ್ನೂ ಆರಿಸಿ, ವೈಫೈ ಇದ್ದರೆ ಅದನ್ನೂ. ಮೈಕಿನ ಅನುಮತಿ ಕಿತ್ತುಕೊಳ್ಳಿ. ಅಷ್ಟಾದರೂ ನಿಮ್ಮ ರಿಂಗು ಮೊದಲಿನಷ್ಟೇ ಜೋರಾಗಿ ಕೂಗುತ್ತದೆ, ನಿಮ್ಮ ಊಟಕ್ಕೇನೂ ಕುಂದು ಬರುವುದಿಲ್ಲ. ಮತ್ತೊಂದು ದಿನ ಅದು, ನನಗೆ ಡೇಟಾ ಕೊಡು ಎಂದು ಗೋಗರೆಯುತ್ತದೆ. ಕೊಡಬೇಡಿ. ಉಳಿದವನ್ನೂ ಒಂದೊಂದಾಗಿ ಕೇಳಿ. ವಾಟ್ಸಾಪಿಗೆ ಬೇಕು, ಇರಲಿ. ಸಿಂಚನಾಳ ಪಾಠಕ್ಕೆ ಬೇಕು, ಅವಳಿಗೇ ಮೊದಲು. ಟಾರ್ಚಿಗೆ, ಗೋಡೆಚಿತ್ರಕ್ಕೆ ಯಾಕೆ? ಗೊತ್ತಾಗದಿದ್ದರೆ ಜಯಶೀಲಾಳ ಅಂಗಡಿಗೆ ಹೋಗಿ, ಮರ್ಯಾದೆ ಬಿಟ್ಟು ಕೇಳಿ.

ಇನ್ನೊಂದು ಮಾತಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಒದ್ದಾಡಿದ್ದೇನೆ. ಆ ಕಸುದನಿಯಲ್ಲಿ ಒಂದು ಕಡೆ ಕರೆಂಟು ಹೋಗುತ್ತದೆ. ಬೆಲ್ಟು ನಿಧಾನವಾಗಿ ನಿಂತು, ಗಿರಣಿಯೆಲ್ಲ ಸುಮ್ಮನಾಗುತ್ತದೆ. ಆಗ ನೀವು, ಮೊದಲ ಬಾರಿಗೆ ಕೂಗದೆ, ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆಯುತ್ತೀರಿ. "ಬಾ ಮಗಾ. ಹಿಟ್ಟು ಬಿಸಿ ಐತೆ, ಕೈಯಿಟ್ಟು ನೋಡು." ಅಷ್ಟೇ. ಇಬ್ಬರೂ ಸ್ವಲ್ಪ ಹೊತ್ತು ಹಿಟ್ಟಿನ ಡಬ್ಬದಲ್ಲಿ ಕೈಯಿಟ್ಟು ನಿಂತಿರಬೇಕು. ನಾನು ಅದನ್ನು ಆ ಮಧ್ಯಾಹ್ನ ಆರು ಸಲ ಕೇಳಿದೆ, ಆರು ಸಲವೂ ಅತ್ತೆ. ಏಳನೆಯ ಸಲ ಹೊಳೆಯಿತು: ಗೋಡೆ ನನ್ನನ್ನು ಕರೆಯುವ "ಮಗಾ" ಇದೇ. ಹಾಸಿಗೆ ಮಾರಿದ್ದು, ಗುಳಿಗೆ ಮಾರಿದ್ದು, ಹೆಣದ ಮುಂದೆ ಹಾರ ಮಾರಿದ್ದು, ಎಲ್ಲ ಇದನ್ನೇ ಕತ್ತರಿಸಿ, ಹಿಗ್ಗಿಸಿ, ನಿಮ್ಮ ಕೂಗಿನ ಜೊತೆ ಹೊಲಿದು. ನಮ್ಮ ಮನೆಯಲ್ಲಿ ಯಾವ ತಾಯಿಯೂ ಮಕ್ಕಳನ್ನು ಮಗಾ ಎಂದು ಕರೆಯುವುದಿಲ್ಲ, ತಾತ. ಆ ಮಾತು ಅಷ್ಟು ಹೊಲಸಾಗಿದೆ. ನನ್ನ ತಾಯಿ ನನ್ನನ್ನು ಕರೆದಿಲ್ಲ. ನಾನು ತುಂಬೆಯನ್ನು ಕರೆದಿಲ್ಲ.

ನೀವು ಕದ ಹಾಕಿದರೆ ನನ್ನ ಪಾಲಿಗೆ ನಿಮ್ಮ ದನಿ ಇರುವುದಿಲ್ಲ. ಆ ಬಿಸಿ ಹಿಟ್ಟಿನ ಮಾತೂ ಇರುವುದಿಲ್ಲ. ನೀವು ಹೇಗೆ ಮಾತಾಡುತ್ತಿದ್ದಿರಿ, ಕೂಗುತ್ತಿದ್ದಿರಾ, ಪಿಸುಗುಟ್ಟುತ್ತಿದ್ದಿರಾ, ನಿಮ್ಮ ಹೆಸರೇನು, ಯಾವುದೂ ನನಗೆ ತಿಳಿಯದೆ ಹೋಗಬಹುದು. ಇರಲಿ. ನನಗೆ ಬೇಡ. ಕರೆಂಟು ಹೋಗುವುದಂತೂ ನನ್ನ ಓಲೆಯಿಂದ ನಿಲ್ಲುವುದಿಲ್ಲ, ನಿಮ್ಮ ಊರಿನಲ್ಲಿ ಅದು ಹೇಗೂ ಹೋಗುತ್ತದೆ. ಆಗ ಆ ಮಾತನ್ನು ಹೇಳಿ. ಕೇಳಿಸಿಕೊಳ್ಳುವುದಕ್ಕೆ ಸಿಂಚನಾ ಒಬ್ಬಳೇ ಇರಲಿ, ಅದು ಅವಳದು. ಅವಳಿಗೆ ಬೈಯುವ ಮಾತನ್ನು ಇನ್ನೂ ಆಡಿಲ್ಲವಲ್ಲ, ಅದನ್ನು ಮಾತ್ರ ಆಡಬೇಡಿ.

ಇನ್ನು ಹನ್ನೊಂದನೇ ದಿನ ಬೆಳಿಗ್ಗೆ ನಮ್ಮ ಗೋಡೆ ಒಣ ದನಿಯಲ್ಲಿ ಪ್ರಶ್ನೆ ಓದಬೇಕು. ತುಂಬೆ ಯಾವ ತಾತನ ಮುಖವನ್ನೂ ನೋಡದೆ, ನನ್ನ ಮುಖ ನೋಡಬೇಕು. ಆಗ ನಾನು ಅವಳ ಪಕ್ಕ ಕೂತು, ಇಷ್ಟು ವರ್ಷ ಬಾಯಿಗೆ ಬಾರದ ಆ ಮಾತಿನಿಂದ ಅವಳನ್ನು ಕರೆಯುತ್ತೇನೆ.

ಕೈ ತೊಳೆದುಕೊಂಡಿರಾ? ಹಾಗಾದರೆ ಫೋನು ತೆಗೆದುಕೊಳ್ಳಿ.

ಇತಿ, ನಿಮ್ಮ ದನಿಯನ್ನು ಇಂದಿಗೆ ಬಿಟ್ಟುಕೊಡುತ್ತಿರುವ
ಹೊನ್ನಾಜಿ